ಮಾಟಗಾತಿ ಎಂಬ ಮಾತು ಯಾರದು?

1633ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಫೈಫ್ ಸೀಮೆಯ ಕರ್ಕಾಡಿ ಎಂಬ ಕಡಲತಡಿಯ ಪಟ್ಟಣದಲ್ಲಿ ಅಲಿಸನ್ ಡಿಕ್ ಎಂಬ ಹೆಂಗಸನ್ನೂ ಆಕೆಯ ಗಂಡ ವಿಲಿಯಂ ಕೋಕ್‌ನನ್ನೂ ಮಾಟ ಮಾಡಿದರೆಂದು ಸುಟ್ಟರು. ಗಂಡಹೆಂಡಿರು ಬೀದಿಯಲ್ಲಿ ಜಗಳವಾಡುತ್ತ ಒಬ್ಬರ ಮೇಲೊಬ್ಬರು ಎಸೆದ ಬೈಗುಳಗಳೇ ಅವರ ವಿರುದ್ಧ ಸಾಕ್ಷ್ಯವಾಗಿದ್ದವು. ಬೆಂಕಿ ಆರಿತು, ಬೂದಿ ಗಾಳಿಗೆ ಹೋಯಿತು. ಉಳಿದದ್ದು ಒಂದು ಖರ್ಚಿನ ಪಟ್ಟಿ. ಸುಡಲು ಹತ್ತು ಹೊರೆ ಕಲ್ಲಿದ್ದಲು, ಒಂದು ಡಾಂಬರಿನ ಪೀಪಾಯಿ, ಹಗ್ಗ, ಇಬ್ಬರಿಗೂ ತೊಡಿಸಲು ಒರಟು ನಾರುಬಟ್ಟೆಯ ಅಂಗಿ, ಅದನ್ನು ಹೊಲಿದ ಕೂಲಿ, ಕೊಲ್ಲುವವನನ್ನು ಕರೆತಂದವನಿಗೆ ಕೊಟ್ಟ ಹಣ, ಕೊಂದವನಿಗೆ ಕೊಟ್ಟ ಸಂಬಳ. ಖರ್ಚಿನಲ್ಲಿ ಒಂದು ಪಾಲನ್ನು ಚರ್ಚು ಭರಿಸಿತು, ಇನ್ನೊಂದು ಪಾಲನ್ನು ಪಟ್ಟಣದ ಆಡಳಿತ ಭರಿಸಿತು.

ಮದುವೆಮನೆಗೆ ಸಾಮಾನಿನ ಚೀಟಿ ಬರೆದ ಹಾಗೆ ಯಾರೋ ಗುಮಾಸ್ತ ಇದನ್ನು ಸಾಲುಸಾಲಾಗಿ ಬರೆದಿದ್ದಾನೆ, ಕೂಡಿದ್ದಾನೆ, ಕೆಳಗೆ ಮೊತ್ತ ಹಾಕಿದ್ದಾನೆ. ಆ ಬರವಣಿಗೆಯಲ್ಲಿ ಕೋಪವಿಲ್ಲ, ದ್ವೇಷವಿಲ್ಲ, ಅಳುಕೂ ಇಲ್ಲ. ಕಲ್ಲಿದ್ದಲು ಮಾರಿದವನೊಬ್ಬ, ಅಂಗಿ ಹೊಲಿದವನೊಬ್ಬ, ಪಕ್ಕದೂರಿಗೆ ಹೋಗಿ ಬಂದವನೊಬ್ಬ. ತಂತಮ್ಮ ಕೆಲಸ ಮಾಡಿ ತಂತಮ್ಮ ಕೂಲಿ ಪಡೆದು ಮನೆಗೆ ಹೋದವರು. ಓದುವವರ ಎದೆ ನಡುಗುವುದು ಇದಕ್ಕೇ.

ಸ್ಕಾಟ್ಲೆಂಡಿನ ಪತ್ರಾಗಾರಗಳಲ್ಲಿ ಇಂಥ ಕಾಗದಗಳು ರಾಶಿಗಟ್ಟಲೆ ಇವೆ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಮುಂದೆ ಇತಿಹಾಸಕಾರರ ಜೊತೆಗೆ ಕಲಾವಿದರೂ ಬಂದು ಕೂರುತ್ತಿದ್ದಾರೆ. ವಿಶ್ವವಿದ್ಯಾಲಯವೋ ವಸ್ತುಸಂಗ್ರಹಾಲಯವೋ ಕಲಾವಿದೆಯೊಬ್ಬಳನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಂಡು, ಇರಲು ಜಾಗ, ಒಂದಿಷ್ಟು ಗೌರವಧನ, ಕಡತ ನೋಡಲು ಅನುಮತಿ ಕೊಟ್ಟು, ಏನು ಕಾಣುತ್ತದೋ ನೋಡು ಎಂದು ಬಿಡುವ ಪದ್ಧತಿಗೆ ರೆಸಿಡೆನ್ಸಿ ಎಂದು ಹೆಸರು. ಬೆಂಗಳೂರಿನ 1 ಶಾಂತಿರೋಡ್ ಸ್ಟುಡಿಯೊದಂಥ ಜಾಗಗಳಿಂದಾಗಿ ಇದು ನಮ್ಮ ಕಲಾವಲಯಕ್ಕೂ ಪರಿಚಿತವೇ. ಹೆಣ್ಣು, ನ್ಯಾಯ, ಮಾಟದ ವಿಚಾರಣೆ ಈ ಮೂರನ್ನೂ ಒಟ್ಟಿಗೆ ಹಿಡಿದು ಹೊರಟ ಕಲಾವಿದೆಯ ಎದುರು ಒಂದು ಕಠಿಣ ಪ್ರಶ್ನೆ ಇದೆ. ನಾನೂರು ವರ್ಷದ ಹಿಂದೆ ಸತ್ತವರಿಗೆ ಅವಳು ಕೊಡಬಹುದಾದ ನ್ಯಾಯ ಯಾವುದು? ನನ್ನ ಉತ್ತರ ಇಷ್ಟು: ಅವಳು ಮಾಟಗಾತಿಯ ಚಿತ್ರ ಬರೆಯುವುದನ್ನು ಬಿಟ್ಟು ಆರೋಪದ ಚಿತ್ರ ಬರೆಯಬೇಕು. ಯಾಕೆಂದರೆ ‘ಮಾಟಗಾತಿ’ ಎಂಬುದು ಸತ್ತವರ ಹೆಸರಲ್ಲ, ಕೊಂದವರ ಮಾತು.

ಕನ್ನಡದ ಓದುಗರಿಗೆ ಸ್ಕಾಟ್ಲೆಂಡಿನ ಮಾಟಗಾತಿಯರು ಹೊಸಬರಲ್ಲ. ‘ಮ್ಯಾಕ್‌ಬೆತ್’ ನಾಟಕವನ್ನು ಎಂ. ಎಲ್. ಶ್ರೀಕಂಠೇಶಗೌಡರು 19ನೆಯ ಶತಮಾನದಲ್ಲೇ ‘ಪ್ರತಾಪರುದ್ರದೇವ’ವಾಗಿಸಿ ಕನ್ನಡಕ್ಕೆ ತಂದರು; 1936ರಲ್ಲಿ ಡಿ. ವಿ. ಜಿ. ಅನುವಾದಿಸಿದರು. ಕಾಲೇಜಿನ ತರಗತಿಯಲ್ಲೋ ರಂಗದ ಮೇಲೋ ಆ ನಾಟಕದ ಮೂವರು ಮಾಟಗಾತಿಯರನ್ನು ನೋಡದವರು ಕಡಿಮೆ. ಷೇಕ್ಸ್‌ಪಿಯರ್ ಆ ನಾಟಕ ಬರೆದಾಗ ಇಂಗ್ಲೆಂಡಿನ ಸಿಂಹಾಸನದ ಮೇಲಿದ್ದವನು ಸ್ಕಾಟ್ಲೆಂಡಿನಿಂದ ಬಂದ ದೊರೆ ಜೇಮ್ಸ್. ಈ ಜೇಮ್ಸ್ 1590–91ರಲ್ಲಿ ಮಾಟದ ಆರೋಪ ಹೊತ್ತ ಹೆಂಗಸರನ್ನು ಎದುರಿಗೆ ನಿಲ್ಲಿಸಿಕೊಂಡು ತಾನೇ ವಿಚಾರಣೆ ಮಾಡಿದ್ದ. ಜರಡಿಯಲ್ಲಿ ಕೂತು ಕಡಲು ದಾಟುವ ಮಾಟಗಾತಿಯ ಮಾತು ನಾಟಕದಲ್ಲಿ ಬರುತ್ತದೆ. ಆ ವಿಚಾರಣೆಗಳನ್ನು ಕುರಿತು 1591ರಲ್ಲಿ ಅಚ್ಚಾದ ಕಿರುಹೊತ್ತಗೆಯಲ್ಲೂ ಅದೇ ಜರಡಿ ಇದೆ, ಹಿಂಸೆ ಕೊಟ್ಟು ಹೇಳಿಸಿದ ತಪ್ಪೊಪ್ಪಿಗೆಯ ಭಾಗವಾಗಿ. ನಾವು ಕಾವ್ಯವೆಂದು ಸವಿದ ಚಿತ್ರದ ಬೇರು ಒಂದು ವಿಚಾರಣೆಯ ಕೋಣೆಯಲ್ಲಿದೆ.

ಆ ಕೋಣೆಗೆ ಮೊದಲು ಬಂದವಳು ಗೀಲಿಸ್ ಡಂಕನ್, ಟ್ರನೆಂಟ್ ಎಂಬ ಊರಿನ ಮನೆಗೆಲಸದ ಹುಡುಗಿ. ಕಾಯಿಲೆಯವರಿಗೆ ಉಪಚಾರ ಮಾಡಿ ಗುಣಪಡಿಸುತ್ತಿದ್ದಳೆಂಬುದೇ ಅವಳ ಯಜಮಾನನ ಅನುಮಾನಕ್ಕೆ ಕಾರಣ. ಅವನು ಯಾವ ನ್ಯಾಯಾಲಯಕ್ಕೂ ಕಾಯದೆ ಅವಳ ಬೆರಳುಗಳನ್ನು ಇಕ್ಕಳದಲ್ಲಿ ಹಿಂಡಿಸಿದ, ತಲೆಗೆ ಹಗ್ಗ ಬಿಗಿಸಿದ. ಅವಳ ಬಾಯಿಂದ ಹೆಸರುಗಳು ಬಂದವು. ದೊರೆಯ ಮದುವೆಯ ಹಡಗುಗಳು ಡೆನ್ಮಾರ್ಕಿನ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿದ್ದು ಆಗಷ್ಟೇ ಆಗಿತ್ತು. ಆ ಬಿರುಗಾಳಿಗೂ ಈ ಹೆಸರುಗಳಿಗೂ ಗಂಟು ಬಿತ್ತು. ಕೀತ್ ಎಂಬಲ್ಲಿ ಮದ್ದು ಕೊಡುತ್ತಿದ್ದ ಆಗ್ನೆಸ್ ಸ್ಯಾಂಪ್ಸನ್ ಎಂಬ ವಿಧವೆಯನ್ನು ದೊರೆಯ ಮುಂದೆ ತಂದರು; 1591ರ ಜನವರಿಯಲ್ಲಿ ಕೊಂದರು. ಗೀಲಿಸ್‌ಳನ್ನು ಅದೇ ವರ್ಷದ ಕೊನೆಯಲ್ಲಿ ಕೊಂದರು. ಸಾಯುವ ಮುನ್ನ ಅವಳು ತಾನು ಹೇಳಿದ್ದೆಲ್ಲ ಸುಳ್ಳೆಂದು ಮಾತು ಹಿಂತೆಗೆದುಕೊಂಡಳು. ಅಷ್ಟು ಹೊತ್ತಿಗೆ ಅವಳ ಮಾತು ಅವಳ ಕೈಲಿರಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಮಾಟವನ್ನು ಮರಣದಂಡನೆಯ ಅಪರಾಧವಾಗಿಸಿದ ಕಾನೂನು 1563ರದು; ರದ್ದಾದದ್ದು 1736ರಲ್ಲಿ. ಈ 173 ವರ್ಷಗಳ ಕಡತಗಳನ್ನು ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ವಾಂಸರು ಸೋಸಿ 2003ರಲ್ಲಿ ಒಂದು ದತ್ತಾಂಶಕೋಶ ಹೊರತಂದರು. ಅದರ ಲೆಕ್ಕದಲ್ಲಿ ಆರೋಪಕ್ಕೆ ಗುರಿಯಾದವರು 3,837 ಮಂದಿ. ಇವರಲ್ಲಿ ಹೆಸರು ಸಿಕ್ಕವರು 3,212. ಉಳಿದ ಆರುನೂರಕ್ಕೂ ಹೆಚ್ಚು ಜನರ ಹೆಸರನ್ನು ಬರೆದಿಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಸುಮಾರು 2,500 ಮಂದಿಯನ್ನು ಕೊಂದಿರಬಹುದೆಂಬುದು ಅಂದಾಜು. ಆಗಿನ ಸ್ಕಾಟ್ಲೆಂಡಿನ ಒಟ್ಟು ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಆರೋಪಿಗಳಲ್ಲಿ ನೂರಕ್ಕೆ 84 ಮಂದಿ ಹೆಂಗಸರು.

ಯಾಕೆ ಹೆಂಗಸರು? ಹೆಣ್ಣೆಂಬ ಕಾರಣಕ್ಕೇ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಕಡತ ತೋರಿಸುವ ದಾರಿ ಇನ್ನಷ್ಟು ವಿವರವಾದದ್ದು. ಆರೋಪ ಬಹುಮಟ್ಟಿಗೆ ಹುಟ್ಟುತ್ತಿದ್ದುದು ನೆರೆಹೊರೆಯ ಜಗಳದಿಂದ. ಒಬ್ಬಳು ಹಾಲು ಕೇಳಿದಳು, ಇನ್ನೊಬ್ಬಳು ಇಲ್ಲವೆಂದಳು. ಕೇಳಿದವಳು ಗೊಣಗುತ್ತ ಹೋದಳು. ಕೆಲವು ದಿನಕ್ಕೆ ಹಸು ಬತ್ತಿತು, ಬೆಣ್ಣೆ ಕಟ್ಟಲಿಲ್ಲ, ಮಗುವಿಗೆ ಜ್ವರ ಬಂತು. ಹಸು, ಹಾಲು, ಬೆಣ್ಣೆ, ಬಾಣಂತಿ, ಮಗು ಇವೆಲ್ಲ ಹೆಂಗಸರ ಪಾಲಿನ ಲೋಕ. ಅಲ್ಲಿ ಕೇಡಾದರೆ ಬೆರಳು ಹೆಂಗಸಿನ ಕಡೆಗೇ ತಿರುಗುತ್ತಿತ್ತು. ಗಂಡಸಿನ ಸಿಟ್ಟಿಗೆ ಮುಷ್ಟಿಯಿತ್ತು, ಕತ್ತಿಯಿತ್ತು, ಕೋರ್ಟಿತ್ತು. ಬಡ ಮುದುಕಿಯ ಸಿಟ್ಟಿಗೆ ಇದ್ದದ್ದು ನಾಲಗೆಯೊಂದೇ. ಅವಳ ಶಾಪಕ್ಕೆ ಜನ ಹೆದರುತ್ತಿದ್ದರು, ಹೆದರಿದ್ದಕ್ಕೆ ಅವಳನ್ನೇ ಹೊಣೆ ಮಾಡುತ್ತಿದ್ದರು. ಆ ಕಾಲದ ನ್ಯಾಯಾಲಯಗಳು ಸಾಮಾನ್ಯವಾಗಿ ಹೆಂಗಸರ ಸಾಕ್ಷ್ಯವನ್ನು ಒಪ್ಪುತ್ತಿರಲಿಲ್ಲ; ಮಾಟದ ಮೊಕದ್ದಮೆಗಳಲ್ಲಿ ಒಪ್ಪಿದವು. ಹೆಣ್ಣಿನ ಮಾತಿಗೆ ಕಾನೂನು ಕಿವಿಗೊಟ್ಟದ್ದು ಇನ್ನೊಬ್ಬ ಹೆಣ್ಣಿನ ಕತ್ತಿಗೆ ಹಗ್ಗ ಬಿಗಿಯಲು ಎಂಬುದನ್ನು ಮರೆಯಬಾರದು.

ಜಗಳ ಎಲ್ಲ ಊರಲ್ಲೂ ಇರುತ್ತದೆ. ಜಗಳ ಚಿತೆಯಾಗಲು ಒಂದು ವ್ಯವಸ್ಥೆ ಬೇಕು. ಊರಿನ ಪಾದ್ರಿಯೂ ಚರ್ಚಿನ ಹಿರಿಯರೂ ಕೂತು ದೂರು ಬರೆದುಕೊಳ್ಳುತ್ತಿದ್ದರು. ಆರೋಪಿಯನ್ನು ರಾತ್ರಿಗಟ್ಟಲೆ ನಿದ್ದೆಗೆಡಿಸುತ್ತಿದ್ದರು. ಸೈತಾನನ ಗುರುತು ಹುಡುಕುತ್ತೇವೆಂದು ಮೈಮೇಲೆಲ್ಲ ಸೂಜಿ ಚುಚ್ಚಲು ಕೂಲಿಗೆ ಜನ ಇದ್ದರು. ಆಮೇಲೆ ಎಡಿನ್‌ಬರೋದ ಪ್ರಿವಿ ಕೌನ್ಸಿಲ್ ಎಂಬ ಆಡಳಿತ ಮಂಡಳಿಗೆ ಅರ್ಜಿ ಹೋಗುತ್ತಿತ್ತು; ಅಲ್ಲಿಂದ ಸ್ಥಳೀಯ ಜಮೀನುದಾರರಿಗೆ ವಿಚಾರಣೆಯ ಅಧಿಕಾರಪತ್ರ ಬರುತ್ತಿತ್ತು. ಸೂಜಿ ಚುಚ್ಚುವವರಲ್ಲಿ ಕ್ರಿಶ್ಚಿಯನ್ ಕ್ಯಾಡೆಲ್ ಎಂಬವಳೊಬ್ಬಳಿದ್ದಳು. ಗಂಡಸಿನ ವೇಷ ಹಾಕಿಕೊಂಡು, ಗಂಡಸಿನ ಹೆಸರಿಟ್ಟುಕೊಂಡು ಆ ಕಸುಬು ಮಾಡಿ 1662ರಲ್ಲಿ ಸಿಕ್ಕಿಬಿದ್ದಳು. ಹೆಂಗಸರ ಮೈಗೆ ಸೂಜಿ ಚುಚ್ಚಿ ಸಂಬಳ ಪಡೆಯಲು ಹೆಂಗಸೊಬ್ಬಳು ಗಂಡಸಾಗಬೇಕಾಯಿತು. ಈ ಇತಿಹಾಸವನ್ನು ಕೆಟ್ಟ ಗಂಡಸರು, ಒಳ್ಳೆಯ ಹೆಂಗಸರು ಎಂಬ ಎರಡೇ ಬಣ್ಣದಲ್ಲಿ ಬರೆಯಲಾಗದು. ಸ್ಕಾಟ್ಲೆಂಡಿನ ಮಾಟದ ವಿಚಾರಣೆಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಕ್ರಿಸ್ಟಿನಾ ಲಾರ್ನರ್ 1981ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ್ದರು: ಈ ಬೇಟೆಗೆ ಹೆಣ್ಣುತನದೊಂದಿಗೆ ಗಾಢ ಸಂಬಂಧವಿತ್ತು, ಆದರೆ ಅದು ಹೆಣ್ಣಿಗಷ್ಟೇ ಮೀಸಲಾಗಿರಲಿಲ್ಲ.

ಈಗ ಕಲಾವಿದೆಯ ಮೇಜಿಗೆ ಮರಳೋಣ. ಅವಳ ಮುಂದಿರುವ ಕಾಗದಗಳಲ್ಲಿ ಅತ್ಯಂತ ಸೆಳೆಯುವುದು ಇಸೊಬೆಲ್ ಗೌಡಿಯ ತಪ್ಪೊಪ್ಪಿಗೆ. 1662ರ ಏಪ್ರಿಲ್‌ನಿಂದ ಮೇ ತನಕ ಔಲ್ಡರ್ನ್ ಎಂಬಲ್ಲಿ ಈ ರೈತಾಪಿ ಹೆಂಗಸು ನಾಲ್ಕು ಬಾರಿ ಹೇಳಿಕೆ ಕೊಟ್ಟಳು. ಮೊಲವಾಗಿ ಓಡಿದ್ದು, ಗುಡ್ಡದೊಳಗೆ ಯಕ್ಷಿಣಿಯರ ರಾಣಿಯ ಮನೆಯಲ್ಲಿ ಉಂಡದ್ದು, ಹುಲ್ಲುಕಡ್ಡಿ ಏರಿ ಗಾಳಿಯಲ್ಲಿ ಹಾರಿದ್ದು ಎಲ್ಲ ಅದರಲ್ಲಿದೆ. ಜಾನಪದ ಬಲ್ಲವರು ಅದನ್ನು ನಿಧಿ ಎನ್ನುತ್ತಾರೆ. ಸಂಗೀತಗಾರ ಜೇಮ್ಸ್ ಮ್ಯಾಕ್‌ಮಿಲನ್ ಅವಳ ಹೆಸರಿನಲ್ಲಿ ರಚಿಸಿದ ವಾದ್ಯವೃಂದ ಕೃತಿ 1990ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಮೊದಲು ನುಡಿಸಲ್ಪಟ್ಟಿತು. ಅವಳಿಗೆ ಯಾರೂ ಮಾಡದ ಉತ್ತರಕ್ರಿಯೆಯನ್ನು ಸಂಗೀತದಲ್ಲಿ ಮಾಡಬೇಕೆಂಬುದು ಅವರ ಆಸೆ. ಆ ಆಸೆಗೆ ನಾನು ತಲೆಬಾಗುತ್ತೇನೆ. ಕೊನೆಗೆ ಇಸೊಬೆಲ್‌ಳ ಗತಿ ಏನಾಯಿತೆಂಬುದಕ್ಕೆ ದಾಖಲೆಯೇ ಇಲ್ಲ.

ಆದರೂ ಆ ತಪ್ಪೊಪ್ಪಿಗೆಯ ಅಂದಕ್ಕೆ ಮರುಳಾಗುವುದರಲ್ಲಿ ಅಪಾಯವಿದೆ. ಅದನ್ನು ಬರೆದವನು ಜಾನ್ ಇನ್ನೆಸ್ ಎಂಬ ನೋಟರಿ. ಪ್ರಶ್ನೆಗಳನ್ನು ಕೇಳಿದವರು ಪಾದ್ರಿಗಳು, ಜಮೀನುದಾರರು. ಅವರು ಏನು ಕೇಳಿದರೆಂಬುದನ್ನು ಗುಮಾಸ್ತನ ಲೇಖನಿ ಬಿಟ್ಟುಬಿಡುತ್ತದೆ. ಅವಳು ಏನು ಹೇಳಿದಳೆಂಬುದನ್ನು ಬರೆದುಕೊಳ್ಳುತ್ತದೆ. ಹೀಗಾಗಿ ಸೆರೆಯಲ್ಲಿ ಕೂತವಳ ಮಾತು ತಾನಾಗಿ ಹರಿದುಬಂದ ಕತೆಯಂತೆ ಕಾಣುತ್ತದೆ. ‘ಇದು ಅವಳ ದನಿ’ ಎಂದು ಅದನ್ನು ಎತ್ತಿ ಗೋಡೆಯ ಮೇಲೆ ಬರೆದರೆ, ಪ್ರಶ್ನೆ ಕೇಳಿದವರನ್ನು ಎರಡನೆಯ ಸಲ ಮರೆಗೆ ಸರಿಸಿದಂತಾಗುತ್ತದೆ.

ಹಾಗಾದರೆ ಆ ಕಾಗದಗಳಲ್ಲಿ ಹೆಂಗಸಿನ ದನಿ ಎಲ್ಲೂ ಇಲ್ಲವೇ? ಇದೆ, ಆದರೆ ಬಿರುಕುಗಳಲ್ಲಿ ಇದೆ. ಫೈಫ್ ಸೀಮೆಯದೇ ಇನ್ನೊಂದು ಊರು ಟೋರಿಬರ್ನ್. 1704ರಲ್ಲಿ ಅಲ್ಲಿ ಲಿಲಿಯಾಸ್ ಏಡಿ ಎಂಬ ಮುದುಕಿಯನ್ನು ಹಿಡಿದರು. ಸೈತಾನನೊಂದಿಗೆ ಕೂಡಿದೆ ಎಂದು ಅವಳಿಂದ ಒಪ್ಪಿಸಿದರು. ಮುಂದಿನ ಪ್ರಶ್ನೆ ಎಲ್ಲ ವಿಚಾರಣೆಗಳಲ್ಲೂ ಬರುವಂಥದೇ: ಆ ಕೂಟದಲ್ಲಿ ನಿನ್ನ ಜೊತೆ ಇನ್ಯಾರಿದ್ದರು? ಈ ಒಂದು ಪ್ರಶ್ನೆಯಿಂದಲೇ ಒಂದು ಬಂಧನ ಹತ್ತಾಗುತ್ತಿತ್ತು, ಹತ್ತು ಐವತ್ತಾಗುತ್ತಿತ್ತು. ಲಿಲಿಯಾಸ್ ಹೇಳಿದಳು: ಅವರೆಲ್ಲ ದೊಡ್ಡಮನೆಯ ಹೆಂಗಸರ ಹಾಗೆ ಮುಖಕ್ಕೆ ಮುಸುಕು ಹಾಕಿಕೊಂಡಿದ್ದರು, ನನಗೆ ಗುರುತು ಸಿಗಲಿಲ್ಲ. ಅವಳು ಕೊಟ್ಟ ಹೆಸರುಗಳೂ ಪ್ರಶ್ನೆ ಕೇಳಿದವರಿಗೆ ಮೊದಲೇ ಗೊತ್ತಿದ್ದವೇ. ದಣಿದು ಹಣ್ಣಾದ, ಸಾವು ಖಚಿತವೆಂದು ತಿಳಿದ ಮುದುಕಿ ಆ ಕೋಣೆಯಲ್ಲಿ ಕೂತು ತನ್ನ ನೆರೆಯವರ ಮುಖಕ್ಕೆ ಮುಸುಕು ಹೊದಿಸಿ ಅವರನ್ನು ಕಾಪಾಡಿದಳು. ತಪ್ಪೊಪ್ಪಿಗೆಯ ಉಳಿದೆಲ್ಲ ಸಾಲುಗಳು ಕೇಳಿದವರವು. ಈ ಮುಸುಕು ಅವಳದು. ಕಲಾವಿದೆ ಕಿವಿಗೊಡಬೇಕಾದದ್ದು ಇಂಥ ಕಡೆ.

ಲಿಲಿಯಾಸ್ ಸೆರೆಮನೆಯಲ್ಲೇ ಸತ್ತಳು. ಸುಡಲು ಸಿಗದ ಅವಳನ್ನು ಉಬ್ಬರಇಳಿತದ ನಡುವಿನ ಕೆಸರಿನಲ್ಲಿ ಹೂತು, ಎದ್ದು ಬಾರದಿರಲೆಂದು ಮೇಲೆ ಭಾರಿ ಚಪ್ಪಡಿ ಹೇರಿದರು. ನೀರಿಳಿದಾಗ ಆ ಕಲ್ಲು ಇಂದಿಗೂ ಕಾಣುತ್ತದೆ. 19ನೆಯ ಶತಮಾನದಲ್ಲಿ ಕುತೂಹಲಿಗಳು ಅಗೆದು ಮೂಳೆ ಒಯ್ದರು. ಶವಪೆಟ್ಟಿಗೆಯ ಮರದಿಂದ ಊರುಗೋಲು ಮಾಡಿಸಿಕೊಂಡವರೂ ಇದ್ದರು. ತಲೆಬುರುಡೆ ಆಮೇಲೆ ಕಳೆದುಹೋಯಿತು, ಅದರ ಹಳೆಯ ಫೋಟೊಗಳು ಉಳಿದವು. 2017ರಲ್ಲಿ ಡಂಡೀ ವಿಶ್ವವಿದ್ಯಾಲಯದ ತಜ್ಞರು ಆ ಫೋಟೊಗಳ ಆಧಾರದಿಂದ ಕಂಪ್ಯೂಟರಿನಲ್ಲಿ ಅವಳ ಮುಖ ಕಟ್ಟಿದರು. ನೋಡಿದವರು ಕಂಡದ್ದು ಕೊಕ್ಕೆಮೂಗಿನ, ಮೊನಚು ಗಲ್ಲದ ಕತೆಪುಸ್ತಕದ ಮಾಟಗಾತಿಯನ್ನಲ್ಲ. ನಮ್ಮ ಓಣಿಯ ಜಗಲಿಯ ಮೇಲೆ ಕೂತಿರಬಹುದಾದಂಥ ಸೌಮ್ಯ ಮುಖದ ಅಜ್ಜಿಯನ್ನು.

ಕಲೆ ಎಡವಿದ ಉದಾಹರಣೆಯೂ ಸ್ಕಾಟ್ಲೆಂಡಿನಲ್ಲೇ ಇದೆ. ಎಡಿನ್‌ಬರೋ ಕೋಟೆಯ ಬಾಗಿಲ ಬಳಿ ಗೋಡೆಗೆ ಹೊಂದಿಸಿದ ಪುಟ್ಟ ಕಾರಂಜಿಯೊಂದಿದೆ, ಹೆಸರು ಮಾಟಗಾತಿಯರ ಬಾವಿ. 1894ರಲ್ಲಿ ಜಾನ್ ಡಂಕನ್ ಎಂಬ ಕಲಾವಿದ ಅದನ್ನು ರೂಪಿಸಿದ. ಮಾಡಿಸಿದವರು ಮುಂದೆ ಭಾರತಕ್ಕೆ ಬಂದು ಇಲ್ಲಿನ ಹಲವು ನಗರಗಳ ಯೋಜನೆಗೆ ಸಲಹೆ ಕೊಟ್ಟ ಪ್ಯಾಟ್ರಿಕ್ ಗೆಡ್ಡಿಸ್. ಇಬ್ಬರ ಉದ್ದೇಶವೂ ಒಳ್ಳೆಯದೇ. ಆದರೆ ಪಕ್ಕದ ಫಲಕ ಹೇಳುವುದೇನು? ಅಲ್ಲಿ ಸುಡಲ್ಪಟ್ಟವರಲ್ಲಿ ಕೆಲವರು ತಮ್ಮ ಅಸಾಧಾರಣ ಜ್ಞಾನವನ್ನು ಕೇಡಿಗೆ ಬಳಸಿದರು, ಇನ್ನು ಕೆಲವರು ತಪ್ಪು ತಿಳಿವಳಿಕೆಗೆ ಬಲಿಯಾದರು ಎಂಬ ಅರ್ಥದ ಮಾತನ್ನು. ಸತ್ತವರಿಗೆ ಗೌರವ ಸಲ್ಲಿಸಲು ನಿಂತ ಲೋಹವೇ ಅವರಲ್ಲಿ ಕೆಲವರ ಮೇಲೆ ಮತ್ತೆ ಆರೋಪ ಹೊರಿಸುತ್ತಿದೆ. ಕಡತ ಓದದೆ ಬರೇ ಕರುಣೆಯಿಂದ ಮಾಡಿದ ಕಲೆಗೆ ಆಗುವ ಗತಿ ಇದು. ಇಂದು ಮಾಟಗಾತಿಯನ್ನು ಗುಟ್ಟಿನ ವಿದ್ಯೆ ಬಲ್ಲ ಬಂಡಾಯಗಾರ್ತಿಯಾಗಿ ಮೆರೆಸುವ ಕೃತಿಗಳೂ ಪ್ರೀತಿಯಿಂದಲೇ ಅದೇ ತಪ್ಪು ಮಾಡುತ್ತವೆ. ಅಲಿಸನ್ ಡಿಕ್ ಬಂಡಾಯ ಹೂಡಿದವಳಲ್ಲ. ಗಂಡನೊಂದಿಗೆ ಜಗಳವಾಡಿದವಳು.

ಸರಿದಾರಿ ಹೇಗಿರುತ್ತದೆಂದು ನೋಡಲು ಇನ್ನೂ ಉತ್ತರಕ್ಕೆ, ನಾರ್ವೆಯ ಫಿನ್‌ಮಾರ್ಕಿನ ತುದಿಯ ವಾರ್ಡೊ ಎಂಬ ಮೀನುಗಾರರ ಪಟ್ಟಣಕ್ಕೆ ಹೋಗಬೇಕು. 17ನೆಯ ಶತಮಾನದಲ್ಲಿ ಸುಮಾರು ಮೂರು ಸಾವಿರ ಜನರಿದ್ದ ಆ ಸೀಮೆಯಲ್ಲಿ ಮಾಟದ ಆರೋಪದ ಮೇಲೆ 91 ಮಂದಿಯನ್ನು ಕೊಂದರು: 77 ಹೆಂಗಸರು, 14 ಗಂಡಸರು. ಗಂಡಸರಲ್ಲಿ ಹೆಚ್ಚಿನವರು ಅಲ್ಲಿನ ಮೂಲನಿವಾಸಿ ಸಾಮಿಗಳು. 1617ರ ಕ್ರಿಸ್ಮಸ್ ಹಿಂದಿನ ದಿನ ಬಿರುಗಾಳಿಗೆ ಸಿಕ್ಕಿ ಹತ್ತು ದೋಣಿಗಳು, ನಲವತ್ತು ಗಂಡಸರು ಮುಳುಗಿದ್ದರು. ಕೆಲವು ವರ್ಷಗಳ ನಂತರ, ಹಗ್ಗಕ್ಕೆ ಗಂಟು ಹಾಕಿ ಊದಿ ಬಿಚ್ಚಿ ಆ ಗಾಳಿ ಎಬ್ಬಿಸಿದೆವೆಂದು ಹೆಂಗಸರಿಂದ ಹೇಳಿಸಿದರು. ಆಗ ಅಲ್ಲಿನ ಅಧಿಕಾರಿಯಾಗಿದ್ದವನು ಜಾನ್ ಕನ್ನಿಂಗ್‌ಹ್ಯಾಮ್ ಎಂಬ ಸ್ಕಾಟ್ಲೆಂಡಿನವನು. ಆರೋಪದ ಭಾಷೆ ಹಡಗು ಹತ್ತಿ ಊರಿಂದೂರಿಗೆ ಹೋಗುತ್ತದೆ.

2011ರಲ್ಲಿ ಅಲ್ಲಿ ಸ್ಟೈಲ್‌ನೆಸೆಟ್ ಸ್ಮಾರಕ ತೆರೆಯಿತು. ಅದರಲ್ಲಿ ಎರಡು ಕೃತಿಗಳಿವೆ. ಒಂದು ಶಿಲ್ಪಿ ಲೂಯೀಸ್ ಬೂರ್ಜ್ವಾ ಅವರದು: ಒಂದು ಲೋಹದ ಕುರ್ಚಿ, ಅದರಿಂದೇಳುವ ಬೆಂಕಿ, ಸುತ್ತ ಏಳು ಕನ್ನಡಿ. ಬೆಂಕಿ ಕನ್ನಡಿಗಳಲ್ಲಿ ಹೆಚ್ಚುತ್ತದೆ, ನೋಡುವವರು ಬೆಚ್ಚುತ್ತಾರೆ. ಇನ್ನೊಂದು ವಾಸ್ತುಶಿಲ್ಪಿ ಪೀಟರ್ ಜುಮ್ಥೋರ್ ಅವರದು. ಮೀನು ಒಣಹಾಕುವ ಮರದ ಚಪ್ಪರಗಳಂಥ ಕಂಬಗಳ ನಡುವೆ ಕ್ಯಾನ್ವಾಸ್ ಬಟ್ಟೆಯ 125 ಮೀಟರ್ ಉದ್ದದ ಕಿರಿದಾದ ಹಾದಿ. ಒಳಗೆ ಕತ್ತಲು. ಗೋಡೆಯಲ್ಲಿ 91 ಪುಟ್ಟ ಕಿಟಕಿ, ಒಂದೊಂದರ ಮುಂದೆಯೂ ಒಂದು ಬಲ್ಬು. ಕಡಲಿಗೆ ಹೋದವರಿಗಾಗಿ ಮನೆಯ ಕಿಟಕಿಯಲ್ಲಿ ದೀಪ ಹಚ್ಚಿಟ್ಟ ಹಾಗೆ. ಪ್ರತಿ ಕಿಟಕಿಯ ಬಳಿ ಒಬ್ಬರ ಹೆಸರು, ಅವರ ಮೇಲೆ ಏನೆಂದು ಆರೋಪ ಬಂತು, ಏನು ಹೇಳಿಸಿದರು, ಯಾವ ತೀರ್ಪು ಕೊಟ್ಟರು ಎಂಬ ವಿವರ. ನ್ಯಾಯಾಲಯದ ದಾಖಲೆಗಳಿಂದಲೇ ಇವನ್ನು ಬರೆದವರು ದಶಕಗಳಿಂದ ಆ ಕಡತ ಓದಿದ ಇತಿಹಾಸಕಾರ್ತಿ ಲಿವ್ ಹೆಲೆನ್ ವಿಲ್ಲುಮ್ಸೆನ್.

ಬೂರ್ಜ್ವಾ ದೊಡ್ಡ ಕಲಾವಿದೆ, ಅದು ಅವರ ಕೊನೆಯ ದೊಡ್ಡ ಕೃತಿ. ಆದರೂ ನನ್ನ ಮನಸ್ಸು ಕಿಟಕಿಗಳ ಕಡೆಗಿದೆ. ಬೆಂಕಿ ನಮಗೆ ಸಾವನ್ನು ತೋರಿಸುತ್ತದೆ. ಕಿಟಕಿಯೊಂದೊಂದರ ಮುಂದೆ ನಿಂತು ಓದುವವರಿಗೆ ಆ ಸಾವು ಯಾವ ಯಾವ ಮೆಟ್ಟಿಲು ಹತ್ತಿ ಬಂತೆಂದು ಕಾಣುತ್ತದೆ. ವಿದ್ವಾಂಸೆಯ ಓದು, ವಾಸ್ತುಶಿಲ್ಪಿಯ ಕೈ ಎರಡೂ ಸೇರಿದ್ದರಿಂದ ಇದು ಸಾಧ್ಯವಾಯಿತು. ರೆಸಿಡೆನ್ಸಿ ಎಂಬ ಪದ್ಧತಿಗೆ ಅರ್ಥ ಬರುವುದೂ ಹೀಗೆಯೇ. ಎಡಿನ್‌ಬರೋ ವಿಶ್ವವಿದ್ಯಾಲಯ ಕಲಾವಿದರಂತೆ ವಿಕಿಪೀಡಿಯ ಬಳಗದ ಒಬ್ಬರನ್ನೂ ತನ್ನೊಳಗೆ ಇರಿಸಿಕೊಂಡಿತ್ತು. ಅಲ್ಲಿ 2019ರಲ್ಲಿ ವಿದ್ಯಾರ್ಥಿನಿಯೊಬ್ಬಳು ಹಳೆಯ ದತ್ತಾಂಶ ಹಿಡಿದು, ಆರೋಪಿಗಳು ವಾಸವಾಗಿದ್ದ ಊರುಗಳನ್ನು ಒಂದೊಂದಾಗಿ ಹುಡುಕಿ ನಕಾಶೆಯ ಮೇಲೆ ಗುರುತಿಸಿದಳು. ಮೂರು ಸಾವಿರಕ್ಕೂ ಹೆಚ್ಚು ಚುಕ್ಕೆಗಳು. ಇಂದು ಯಾರು ಬೇಕಾದರೂ ಅದನ್ನು ತೆರೆದು ತಮ್ಮೂರ ಹೆಸರು ಹುಡುಕಬಹುದು. ಅದನ್ನು ಕಲಾಕೃತಿ ಎಂದು ಯಾರೂ ಕರೆಯಲಿಲ್ಲ, ನಾನು ಕರೆಯುತ್ತೇನೆ.

ಇದೆಲ್ಲ ಯಾಕೆ, ಆ ಕಾಲದ ನಂಬಿಕೆಯನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸರಿಯೇ ಎಂದು ಕೇಳುವವರಿದ್ದಾರೆ. ಗಂಭೀರವಾದ ಪ್ರಶ್ನೆ. ಆದರೆ ಅಳತೆಗೋಲು ಇಂದಿನದಲ್ಲ. ಸ್ಕಾಟ್ಲೆಂಡ್ ಆ ಕಾನೂನು ಮಾಡಿದ 1563ರಲ್ಲೇ ಯೋಹಾನ್ ವೇಯರ್ ಎಂಬ ವೈದ್ಯ ತನ್ನ ಪುಸ್ತಕದಲ್ಲಿ, ಈ ಮುದುಕಿಯರು ಅಪರಾಧಿಗಳಲ್ಲ, ಮನಸ್ಸು ಕಲಕಿದವರು, ಅವರನ್ನು ಕೊಲ್ಲಬೇಡಿ ಎಂದು ವಾದಿಸಿದ್ದ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಮಾಟದ ನಂಬಿಕೆಯನ್ನೇ ಬಯಲಿಗೆಳೆದ. ದೊರೆ ಜೇಮ್ಸ್ ಇವರಿಬ್ಬರನ್ನೂ ಬಲ್ಲ. 1597ರಲ್ಲಿ ತಾನು ಬರೆದ ಪುಸ್ತಕದಲ್ಲಿ ಇವರನ್ನು ಹೆಸರಿಸಿಯೇ ಎದುರಿಸಿದ. ಸ್ಪೇನಿನಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ಮಂಡಳಿಯ ನ್ಯಾಯಾಧೀಶನಾದ ಅಲೋನ್ಸೊ ದೆ ಸಾಲಾಜಾರ್‌ನೇ ಬಾಸ್ಕ್ ಸೀಮೆಯ ಹಳ್ಳಿಗಳನ್ನು ಸುತ್ತಿ, ಮಾಟದ ಮಾತು ಹಬ್ಬಿದಲ್ಲೇ ಮಾಟಗಾತಿಯರು ಹುಟ್ಟಿದರು ಎಂಬ ತೀರ್ಮಾನಕ್ಕೆ ಬಂದ. ಜರ್ಮನಿಯಲ್ಲಿ ಪಾದ್ರಿ ಫ್ರೀಡ್ರಿಖ್ ಷ್ಪೇ 1631ರಲ್ಲಿ, ಚಿತ್ರಹಿಂಸೆ ಕೊಟ್ಟರೆ ಯಾರು ಬೇಕಾದರೂ ಮಾಟಗಾರರಾಗುತ್ತಾರೆಂದು ಬರೆದ. ಗ್ರಹಗಳ ಚಲನೆಯ ನಿಯಮ ಕೊಟ್ಟ ಕೆಪ್ಲರ್ ತನ್ನ ವಯಸ್ಸಾದ ತಾಯಿ ಕಥರೀನಾಳ ಪರವಾಗಿ ತಾನೇ ವಾದ ಸಿದ್ಧಪಡಿಸಿ, ಹದಿನಾಲ್ಕು ತಿಂಗಳ ಸೆರೆಯ ನಂತರ 1621ರಲ್ಲಿ ಅವಳನ್ನು ಬಿಡಿಸಿಕೊಂಡ. ಸತ್ಯ ಆ ಕಾಲದಲ್ಲೂ ಲಭ್ಯವಿತ್ತು. ಕೇಳದಿರುವುದನ್ನು ಅಧಿಕಾರ ಆಯ್ದುಕೊಂಡಿತ್ತು.

ನ್ಯಾಯದ ಮಾತಿಗೂ ಎಚ್ಚರ ಬೇಕು. 2020ರಲ್ಲಿ ವಕೀಲೆ ಕ್ಲೇರ್ ಮಿಚೆಲ್ ಮತ್ತು ಲೇಖಕಿ ಜೋಯಿ ವೆಂಡಿಟೋಜಿ ಸ್ಕಾಟ್ಲೆಂಡಿನಲ್ಲಿ ಒಂದು ಚಳವಳಿ ಶುರುಮಾಡಿ ಮೂರನ್ನು ಕೇಳಿದರು: ಕ್ಷಮಾದಾನ, ಕ್ಷಮಾಪಣೆ, ರಾಷ್ಟ್ರೀಯ ಸ್ಮಾರಕ. 2022ರ ಮಾರ್ಚ್ 8ರಂದು, ಮಹಿಳಾ ದಿನದಂದು, ಅಂದಿನ ಪ್ರಥಮ ಸಚಿವೆ ನಿಕೊಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ಚರ್ಚೂ ಕೇಳಿತು. ಕೇಳಬೇಕಾದವರು ಕೇಳಿದ್ದು ದೊಡ್ಡದು. ‘ಕ್ಷಮಾದಾನ’ದ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಕ್ಷಮಿಸುವುದು ತಪ್ಪು ಮಾಡಿದವರನ್ನು. ಇವರು ಮಾಡಿದ ತಪ್ಪೇನು? ಸ್ವಿಟ್ಜರ್ಲೆಂಡಿನ ಗ್ಲಾರಸ್ ಪ್ರಾಂತ್ಯ 1782ರಲ್ಲಿ ಮನೆಗೆಲಸದ ಅನ್ನಾ ಗೋಲ್ಡಿಯ ತಲೆ ಕಡಿಸಿತ್ತು. 2008ರಲ್ಲಿ ಅದೇ ಪ್ರಾಂತ್ಯದ ಶಾಸನಸಭೆ ಅವಳನ್ನು ದೋಷಮುಕ್ತೆ ಎಂದು ಸಾರಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೇಲಂ ವಿಚಾರಣೆಗಳಲ್ಲಿ ದಂಡನೆಗೊಳಗಾದ ಎಲಿಜಬೆತ್ ಜಾನ್ಸನ್ ಹೆಸರಿನ ಮೇಲೆ ಉಳಿದಿದ್ದ ಕಳಂಕವನ್ನು 2022ರಲ್ಲಿ ತೊಡೆಸಿದವರು ಶಾಲೆಯೊಂದರ ಮಕ್ಕಳು ಮತ್ತು ಅವರ ಟೀಚರು. ಸರಿಯಾದ ಶಬ್ದ ದೋಷಮುಕ್ತಿ. ಕ್ಷಮೆ ಬೇಡಬೇಕಾದದ್ದು ರಾಜ್ಯ, ಕೊಡಬೇಕಾದವರು ಬದುಕಿಲ್ಲ.

ಈ ಮಾತು ನಮ್ಮ ದೇಶಕ್ಕೆ ತಾಗುವುದು ದೂರದ ಹೋಲಿಕೆಯಿಂದಲ್ಲ. ಸ್ಕಾಟ್ಲೆಂಡಿನಲ್ಲಿ ಕಾನೂನೇ ಕೊಂದಿತು. ನಮ್ಮಲ್ಲಿ ಕಾನೂನಿಗೆ ವಿರುದ್ಧವಾಗಿ ಗುಂಪು ಕೊಲ್ಲುತ್ತದೆ. ಈ ವ್ಯತ್ಯಾಸ ದೊಡ್ಡದು. ಆದರೆ ಆರೋಪ ಹುಟ್ಟುವ ದಾರಿ ಅದೇ: ಒಂದು ಜಗಳ, ಒಂದು ಕಾಯಿಲೆ, ಒಂದು ತುಂಡು ಜಮೀನು, ಒಬ್ಬಂಟಿ ಹೆಂಗಸು. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಛತ್ತೀಸಗಢ 2005ರಲ್ಲಿ, ಒಡಿಶಾ 2013ರಲ್ಲಿ ಇದರ ವಿರುದ್ಧ ಕಾಯ್ದೆ ತಂದವು. ರಾಜಸ್ಥಾನ, ಅಸ್ಸಾಂ ಆಮೇಲೆ ತಂದವು. ‘ಡಾಯನ್’ ಎಂಬ ಹಣೆಪಟ್ಟಿ ಹೊತ್ತು ಊರು ಬಿಟ್ಟು ಓಡಿ ಜೀವ ಉಳಿಸಿಕೊಂಡ ಜಾರ್ಖಂಡಿನ ಚುಟ್ನಿ ದೇವಿ, ಅಂಥ ಹೆಂಗಸರಿಗಾಗಿ ಬಾಳೆಲ್ಲ ಹೋರಾಡಿದ ಅಸ್ಸಾಮಿನ ಬೀರುಬಾಲಾ ರಾಭಾ ಇಬ್ಬರಿಗೂ 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ಕೊಲೆಯ ಕಾರಣಗಳ ಪಟ್ಟಿಯಲ್ಲಿ ಮಾಟಕ್ಕೆ ಪ್ರತ್ಯೇಕ ಕಾಲಂ ಇದೆ, ಅದು ಖಾಲಿ ಉಳಿಯುವುದಿಲ್ಲ. ಕರ್ಕಾಡಿಯ ಪಟ್ಟಿ ಓದಿದ ಮೇಲೆ ಈ ಪಟ್ಟಿಯನ್ನೂ ಓದಬೇಕು.

ಕರ್ನಾಟಕವೂ ವಾಮಾಚಾರ ಮತ್ತು ಅಮಾನವೀಯ ದುಷ್ಟಪದ್ಧತಿಗಳ ವಿರುದ್ಧ 2017ರಲ್ಲಿ ಕಾಯ್ದೆ ಮಾಡಿ 2020ರಲ್ಲಿ ಜಾರಿಗೆ ತಂದಿತು. ಕಾಯ್ದೆಯ ಕೆಲಸ ಕಾಯ್ದೆ ಮಾಡಲಿ. ಭಾಷೆಯ ಕೆಲಸ ನಮ್ಮದು. ನಮ್ಮ ನುಡಿಯಲ್ಲಿ ‘ಮಾಂತ್ರಿಕ’ ಎಂದರೆ ದುಡ್ಡು ಕೊಟ್ಟು ಕರೆಸಿಕೊಳ್ಳುವವನು, ‘ಮಾಟಗಾತಿ’ ಎಂದರೆ ಕಲ್ಲು ಹೊಡೆದು ಓಡಿಸಬೇಕಾದವಳು. ಒಂದೇ ನಂಬಿಕೆ ಗಂಡಿಗೆ ಕಸುಬಾಯಿತು, ಹೆಣ್ಣಿಗೆ ಅಪರಾಧವಾಯಿತು. ಕಲ್ಯಾಣ ಕರ್ನಾಟಕದ ಕಡೆ ಬಾನಾಮತಿ ಎಂಬ ಮಾತು ಬಾಯಿಂದ ಬಿದ್ದರೆ ಸಾಕು, ಮುಂದಿನ ಪ್ರಶ್ನೆ ‘ಮಾಡಿಸಿದವರು ಯಾರು’ ಎಂಬುದೇ. ಮಕ್ಕಳಿಗೆ ಕತೆ ಹೇಳುವಾಗ ನಾವು ಯೋಚಿಸದೆ ಆಡುವ ಈ ಮಾತುಗಳು ಬರಗಾಲ, ಸಾಂಕ್ರಾಮಿಕ ರೋಗ, ಆಸ್ತಿ ಜಗಳ ಬಂದಾಗ ಎದ್ದು ಕೂರುತ್ತವೆ.

ಕಲಾವಿದೆ ಕಡತದ ಮುಂದೆ ಕೂರಲಿ, ಬೇಕಾದಷ್ಟು ದಿನ ಕೂರಲಿ. ಹೆಸರಿದ್ದವರ ಹೆಸರು ಬರೆಯಲಿ, ಹೆಸರಿಲ್ಲದ ಆರುನೂರು ಮಂದಿಗೆ ಜಾಗ ಬಿಡಲಿ. ಪ್ರಶ್ನೆ ಕೇಳಿದವರನ್ನೂ ಅಂಗಿ ಹೊಲಿದವರನ್ನೂ ಲೆಕ್ಕ ಬರೆದವರನ್ನೂ ಬೆಳಕಿಗೆ ತರಲಿ. ಓದುಗರಾದ ನಮ್ಮ ಪಾಲಿನ ಕೆಲಸ ಅದಕ್ಕಿಂತ ಚಿಕ್ಕದು, ಆದರೆ ದಿನವೂ ಮಾಡಬೇಕಾದದ್ದು. ಮನೆಯಲ್ಲಿ ಮಗು ಮಲಗಿದಾಗ, ಕೊಟ್ಟಿಗೆಯಲ್ಲಿ ಹಸು ಸತ್ತಾಗ ಯಾರಾದರೂ ಬಂದು ‘ಇದು ಅವಳದೇ ಕೆಲಸ’ ಎಂದು ಮೆಲ್ಲಗೆ ಉಸುರಿದರೆ, ಅವಳ ಕಡೆ ತಿರುಗಬೇಡಿ. ಹೇಳಿದವರ ಕಡೆ ತಿರುಗಿ, ಯಾಕೆ ಹೇಳುತ್ತಿದ್ದೀರಿ ಎಂದು ಕೇಳಿ.